ನೀವು ಇವರಿಗೆ ಏನಾಗಬೇಕ್ರೀ?

ಧಾರವಾಡದಲ್ಲಿ ನಾವಿಬ್ಬರು ಹೆಂಗಸರು 11 ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಓಣಿಯವರಿಗೆ ಗೆಳತಿಯರು. ನಮ್ಮ ಮಟ್ಟಿಗೆ ಇದು ಸಂಸಾರ.

ಆಕೆಗೆ ಅಪೆಂಡಿಕ್ಸ್ ಆಪರೇಷನ್ ಆದ ರಾತ್ರಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಾರ್ಮ್ ಮುಂದಿಟ್ಟು, "ನೀವು ಇವರಿಗೆ ಏನಾಗಬೇಕ್ರೀ?" ಅಂದರು. ಗೆಳತಿ ಅಂದೆ. "ಮನಿಯವರನ್ನ ಕರೀರಿ." ರಾಣೆಬೆನ್ನೂರಿನಿಂದ ಆಕೆಯ ತಮ್ಮ ಬರುವ ತನಕ ಕಾದೆವು. ಎಚ್ಚರ ಇರುವ ರೋಗಿ ತಾನೇ ಸಹಿ ಮಾಡಿದರೆ ಸಾಕಿತ್ತು. ಆಗ ಅದು ಗೊತ್ತಿರಲಿಲ್ಲ.

ಒಂದೇ ಲಿಂಗದವರ ಮದುವೆಯ ದಾರಿಯನ್ನು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಮುಚ್ಚಿತ್ತು. ಹಾಗಾಗಿ ಸಿಕ್ಕಷ್ಟು ಕಾಗದ ಕೂಡಿಸೋಣ ಅಂತ ಹೊರಟೆವು.

ಬ್ಯಾಂಕು ಸಲೀಸಾಯಿತು. ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್‌ನಲ್ಲಿ ಹೇಳಿತ್ತು. ಅದರ ಪ್ರಿಂಟ್ ಒಯ್ದಿದ್ದೆ, ಯಾರೂ ಕೇಳಲಿಲ್ಲ. ಆದರೆ ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವವರು ಅಷ್ಟೇ, ವಾರಸುದಾರರು ಕೇಳಿದರೆ ಕೊಡಬೇಕಾಗುತ್ತದೆ. ಅದಕ್ಕೇ ಇಬ್ಬರೂ ಉಯಿಲು ಬರೆದೆವು. ಇಬ್ಬರು ಸಾಕ್ಷಿಗಳು ಬೇಕು, ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿದೆವು. ನಾಳೆ ಅಣ್ಣ-ತಮ್ಮಂದಿರ ಮನಸ್ಸು ಹೇಗೋ ಏನೋ!

ಹೆಚ್ಚು ಓಡಾಡಿಸಿದ್ದು ಮುಂಗಡ ವೈದ್ಯಕೀಯ ನಿರ್ದೇಶನ. ಗುಣವಾಗುವ ಭರವಸೆ ಇಲ್ಲದ ಹೊತ್ತಿನಲ್ಲಿ, ನನಗೇ ಹೇಳಲು ಆಗದಿದ್ದರೆ, ಚಿಕಿತ್ಸೆ ನಿಲ್ಲಿಸಲು ಯಾರು ಒಪ್ಪಿಗೆ ಕೊಡಬೇಕು ಅನ್ನುವ ಪತ್ರ ಅದು. ಅಪೆಂಡಿಕ್ಸ್ ಆಪರೇಷನ್‌ಗೆಲ್ಲ ಇದು ಉಪಯೋಗಕ್ಕೆ ಬರುವುದಿಲ್ಲ. ಆದರೆ ಅದರಲ್ಲಿ 'ಗಾರ್ಡಿಯನ್ ಅಥವಾ ಹತ್ತಿರದ ಸಂಬಂಧಿ' ಹೆಸರು ಬರೆಯಬೇಕು. ಗಾರ್ಡಿಯನ್ ಜಾಗದಲ್ಲಿ ನಾನು ಆಕೆಯ ಹೆಸರು ಬರೆದೆ, ಆಕೆ ನನ್ನದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿಯಮ ಸಡಿಲಿಸಿದ ಮೇಲೆ ನೋಟರಿಯ ಸಹಿ ಸಾಕು, ಮ್ಯಾಜಿಸ್ಟ್ರೇಟರು ಬೇಡ. ಒಂದು ಪ್ರತಿಯನ್ನು ಪಾಲಿಕೆಗೋ ಪಂಚಾಯಿತಿಗೋ ಕೊಡಬೇಕು. ಅದನ್ನು ಕಾದಿಡಲು ಅಲ್ಲೊಬ್ಬ ಅಧಿಕಾರಿ ಇರಬೇಕು.

ಪಾಲಿಕೆಯಲ್ಲಿ ಟಪಾಲು ತಗೊಳ್ಳುವವರು ಎರಡು ಸಲ ಓದಿದರು. "ಇವರು ನಿಮಗ ಏನಾಗಬೇಕ್ರೀ?" ಮತ್ತೆ ಅದೇ! ಈ ಸಲ ಉತ್ತರ ಕಾಗದದಲ್ಲೇ ಇತ್ತು. ಬೆರಳಿಟ್ಟು ತೋರಿಸಿದೆ. "ಗಾರ್ಡಿಯನ್... ಆತ್ ಬಿಡ್ರೀ" ಅಂತ ಸೀಲು ಒತ್ತಿದರು.

ಮೂಲ ಪ್ರತಿ ಗೋದ್ರೇಜ್ ಕಪಾಟಿನಲ್ಲಿದೆ. ಫೋಟೋ ರಾಣೆಬೆನ್ನೂರಿನ ತಮ್ಮನ ಮೊಬೈಲ್‌ನಲ್ಲೂ ಇದೆ.