ಹದಿನಾಲ್ಕಕ್ಕೇ ಪಾಪ್ ತಂಡ ಸೇರುವ ಮಗು: ಮನೆಯವರು ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಕೊರಿಯಾದ ಪಾಪ್ ತಂಡಗಳಲ್ಲಿ ವೇದಿಕೆ ಏರುವವರು ಬಹಳ ಎಳೆಯರು. 2008ರಲ್ಲಿ ಶೈನೀ ತಂಡ ಬಂದಾಗ ಟೇಮಿನ್‌ಗೆ 14, 2013ರಲ್ಲಿ ಬಿಟಿಎಸ್ ಬಂದಾಗ ಜಂಗ್‌ಕುಕ್‌ಗೆ 15, 2022ರಲ್ಲಿ ನ್ಯೂಜೀನ್ಸ್ ಬಂದಾಗ ಹೆಯಿನ್‌ಗೆ 14. ಅದೇ 2022ರಲ್ಲಿ ಒಡಿಶಾದ ಶ್ರೇಯಾ ಲೆಂಕಾ ಬ್ಲ್ಯಾಕ್‌ಸ್ವಾನ್ ತಂಡ ಸೇರಿದ ಮೇಲೆ ಈ ದಾರಿ ನಮ್ಮ ಮಕ್ಕಳಿಗೂ ದೂರದ್ದೆನಿಸುತ್ತಿಲ್ಲ.

ಮಗುವನ್ನು ಕಳಿಸಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ತೀರ್ಮಾನ. ಕಳಿಸುವುದಾದರೆ ಒಂದು ಮಾತು ನೆನಪಿರಲಿ. ಮಗುವಿನ ಹಣ, ಓದು, ದೇಹ, ಹೆಸರು ಈ ನಾಲ್ಕಕ್ಕೂ ಕಾವಲು ಹಾಕಬೇಕಾದದ್ದು ಹೆಸರು ಬರುವ ಮೊದಲು, ಕಾಗದದ ಮೇಲೆ. ಹಾಡು ಹಿಟ್ ಆದ ಮೇಲೆ ಆರು ತಿಂಗಳ ಕ್ಯಾಲೆಂಡರ್ ತುಂಬಿರುತ್ತದೆ, ಒಬ್ಬರು ನಿಂತರೆ ತಂಡವೇ ನಿಲ್ಲುತ್ತದೆ. ಆಗ ‘ಇಂದು ಆಗುವುದಿಲ್ಲ’ ಎನ್ನುವ ಧೈರ್ಯ ಹದಿನೈದರ ಮಗುವಿಗೆ ಇರುವುದಿಲ್ಲ, ದೊಡ್ಡವರಿಗೂ ಇರುವುದಿಲ್ಲ.

ಏಜೆನ್ಸಿ ಅಸಲಿಯೇ?

ದೊಡ್ಡ ಸಂಸ್ಥೆಗಳು ಆಡಿಷನ್‌ಗೆ ಶುಲ್ಕ ಕೇಳುವುದಿಲ್ಲ. ನೋಂದಣಿ, ಪೋರ್ಟ್‌ಫೋಲಿಯೊ, ವೀಸಾ ಮುಂಗಡ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಗೇ ಬಿಡಿ. ಕೊರಿಯಾದಲ್ಲಿ 2014ರಿಂದ ಜಾರಿಯಲ್ಲಿರುವ ಜನಪ್ರಿಯ ಕಲಾ ಉದ್ಯಮದ ಕಾಯ್ದೆಯ ಪ್ರಕಾರ ಕಲಾವಿದರನ್ನು ನಿರ್ವಹಿಸುವ ಪ್ರತಿ ಸಂಸ್ಥೆಯೂ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಿ ಪಡೆದು ತಾಳೆ ನೋಡಿ. ಕೊಡಲು ತಡಮಾಡುವವರ ಜೊತೆ ಮುಂದಿನ ಮಾತು ಬೇಡ. ವಿಡಿಯೊ ಕರೆಯಲ್ಲಿ ಮಗುವಿನ ಪಕ್ಕದಲ್ಲಿ ನೀವು ಕೂತಿರಬೇಕು, ಕ್ಯಾಮೆರಾಕ್ಕೆ ಕಾಣುವಂತೆಯೇ. ಸಂಭಾವನೆಯ ಕಾರ್ಯಕ್ರಮಕ್ಕೆ ಕೊರಿಯಾ ಕಲಾವಿದರಿಗೆ ಕೊಡುವ ಇ-6 ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಸರಿಮಾಡೋಣ ಎಂದರೆ ಒಪ್ಪಬೇಡಿ. ಸಿಕ್ಕಿಬಿದ್ದರೆ ಗಡೀಪಾರಾಗುವುದು ನಿಮ್ಮ ಮಗು.

ಎರಡು ಅಗ್ರಿಮೆಂಟ್, ಎರಡನ್ನೂ ಬೇರೆಬೇರೆಯಾಗಿ ಓದಿ

ಮೊದಲು ಬರುವುದು ಟ್ರೇನಿ ಅಗ್ರಿಮೆಂಟ್. ಅಲ್ಲಿನ ಸಂಸ್ಕೃತಿ ಸಚಿವಾಲಯದ ಮಾದರಿ ಕರಾರಿನಲ್ಲಿ ತರಬೇತಿಯ ಅವಧಿ ಗರಿಷ್ಠ 3 ವರ್ಷ. ಇಲ್ಲಿ ಹುಡುಕಬೇಕಾದದ್ದು ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಸಾಲು. ಹಿಂದೆ ಕೆಲವು ಸಂಸ್ಥೆಗಳು ತರಬೇತಿಗೆ ಹಾಕಿದ ಹಣದ ಎರಡು ಮೂರು ಪಟ್ಟು ದಂಡ ಬರೆಸಿಕೊಳ್ಳುತ್ತಿದ್ದವು. 2017ರಲ್ಲಿ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ಅಂಥ ಷರತ್ತುಗಳನ್ನು ತಿದ್ದಿಸಿತು. ‘ನಿಜವಾಗಿ ಖರ್ಚಾದ, ರಸೀದಿ ಇರುವ ಮೊತ್ತ ಮಾತ್ರ’ ಎಂದು ಬರೆಸಿ. ಸಾಧ್ಯವಾದರೆ ಅದಕ್ಕೂ ಒಂದು ಮೇಲ್ಮಿತಿ ಹಾಕಿಸಿ, ಕಾಯಿಲೆ ಅಥವಾ ಕಿರುಕುಳದ ಕಾರಣಕ್ಕೆ ಬಿಟ್ಟರೆ ಏನೂ ಕಟ್ಟಬೇಕಿಲ್ಲ ಎಂದೂ ಸೇರಿಸಿ.

ಎರಡನೆಯದು ಡೆಬ್ಯೂ, ಅಂದರೆ ವೇದಿಕೆಗೆ ಮೊದಲ ಪ್ರವೇಶ, ಹತ್ತಿರ ಬಂದಾಗ ಸಹಿ ಮಾಡುವ ಎಕ್ಸ್‌ಕ್ಲೂಸಿವ್ ಅಗ್ರಿಮೆಂಟ್, ಅಂದರೆ ಆ ಒಂದೇ ಸಂಸ್ಥೆಗೆ ಕೆಲಸ ಮಾಡುವ ಕರಾರು. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು 13 ವರ್ಷಗಳ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ಆಯೋಗ ತಂದ ಮಾದರಿ ಕರಾರು 7 ವರ್ಷಗಳ ಮಿತಿಯನ್ನು ರೂಢಿಗೆ ತಂದಿತು. ಆದರೆ ಆ ಏಳು ವರ್ಷ ಎಂದಿನಿಂದ ಶುರು ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಸಹಿಯ ದಿನದಿಂದಲೇ, ಮೊದಲ ಆಲ್ಬಂ ಬಿಡುಗಡೆಯ ದಿನದಿಂದಲೇ? ಆಲ್ಬಂನಿಂದ ಎಂದಿದ್ದು ಡೆಬ್ಯೂ ಎರಡು ವರ್ಷ ತಡವಾದರೆ ಮಗು ಒಂಬತ್ತು ವರ್ಷ ಕಟ್ಟಿಹಾಕಿಕೊಂಡಂತಾಯಿತು. ‘ಸಹಿಯಾದ ಇಷ್ಟು ತಿಂಗಳೊಳಗೆ ಡೆಬ್ಯೂ ಆಗದಿದ್ದರೆ ಕರಾರು ತಾನಾಗಿ ರದ್ದು’ ಎಂಬ ಸಾಲು ಬೇಕೇ ಬೇಕು.

ಕೊರಿಯಾದಲ್ಲಿ ಪ್ರಾಪ್ತ ವಯಸ್ಸು 19. ಅಲ್ಲಿಯವರೆಗೆ ಪೋಷಕರ ಒಪ್ಪಿಗೆ ಇಲ್ಲದೆ ಕರಾರು ನಿಲ್ಲುವುದಿಲ್ಲ. ನಮ್ಮಲ್ಲಂತೂ ಅಪ್ರಾಪ್ತರು ಮಾಡಿಕೊಂಡ ಕರಾರೇ ಅಸಿಂಧು. ಅದಕ್ಕೇ ಅಪ್ಪ ಅಮ್ಮನಿಂದ ಸಹಿ ಕೇಳುತ್ತಾರೆ. ಆ ಸಹಿ ‘ಪೋಷಕರ ಒಪ್ಪಿಗೆ’ ಎಂಬಲ್ಲಿ ಮಾತ್ರ ಇರಲಿ. ‘ಜಾಮೀನುದಾರ’ ಎಂಬ ಪದ ಎಲ್ಲಿದ್ದರೂ ಹೊಡೆಸಿಹಾಕಿ. ಇಲ್ಲದಿದ್ದರೆ ಮಗು ಬಿಟ್ಟುಬಂದ ದಿನ ಸಾಲ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಇಂಗ್ಲಿಷ್ ಪ್ರತಿ ಕೊಟ್ಟರೂ ವಿವಾದ ಬಂದಾಗ ಕೊರಿಯನ್ ಪ್ರತಿಯೇ ಅಂತಿಮ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಆದ್ದರಿಂದ ಏಜೆನ್ಸಿಗೆ ಸಂಬಂಧವಿಲ್ಲದ ಅನುವಾದಕರು, ಕೊರಿಯಾದ ರಾಜಧಾನಿ ಸೋಲ್‌ನಲ್ಲೇ ವಕಾಲತ್ತು ಮಾಡುವ ವಕೀಲರು, ಓದಲು ಎರಡು ವಾರ ಸಮಯ ಇವು ಮೂರೂ ಬೇಕು. ‘ನಾಳೆಯೇ ಸಹಿ’ ಎಂಬ ಅವಸರಕ್ಕೆ ಒಳ್ಳೆಯ ಕಾರಣ ಇರುವುದು ಅಪರೂಪ.

ಹಣದ ಲೆಕ್ಕ

ಪಾಲು ಎಷ್ಟು ಶೇಕಡಾ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಖರ್ಚನ್ನು ಯಾವ ಹಂತದಲ್ಲಿ ಕಳೆಯುತ್ತೀರಿ ಎಂದು. ಉದಾಹರಣೆಗೆ ತಂಡ 10 ಕೋಟಿ ಗಳಿಸಿತು, ವಿಡಿಯೊ, ಉಡುಗೆ, ಡಾರ್ಮ್ (ತಂಡ ಒಟ್ಟಿಗೆ ಉಳಿಯುವ ವಸತಿ), ತರಬೇತಿ ಸೇರಿ 8 ಕೋಟಿ ಖರ್ಚಾಯಿತು, ಕಲಾವಿದರ ಪಾಲು ಶೇ. 40, ಸದಸ್ಯರು ಐವರು ಎಂದಿಟ್ಟುಕೊಳ್ಳಿ. ಖರ್ಚು ಮೊದಲು ಕಳೆದರೆ ಉಳಿದ 2 ಕೋಟಿಯಲ್ಲಿ ಶೇ. 40, ಅಂದರೆ 80 ಲಕ್ಷ, ತಲೆಗೆ 16 ಲಕ್ಷ. ಖರ್ಚು ಏಜೆನ್ಸಿಯ ಪಾಲಿನಿಂದಲೇ ಹೋಗುವುದಾದರೆ 10 ಕೋಟಿಯಲ್ಲಿ 4 ಕೋಟಿ, ತಲೆಗೆ 80 ಲಕ್ಷ. ಶೇಕಡಾ ಅದೇ, ಕೈಗೆ ಬಂದದ್ದು ಐದು ಪಟ್ಟು ಬೇರೆ. ಹಳೆಯ ಖರ್ಚು ತೀರುವವರೆಗೆ ಪಾಲೇ ಇಲ್ಲ ಎನ್ನುವ ಕರಾರುಗಳೂ ಇವೆ. ಪ್ರತಿ ವಾರ ಟಿವಿಯಲ್ಲಿ ಕಾಣುವ ಮಗುವಿನ ಖಾತೆಯಲ್ಲಿ ಏನೂ ಇಲ್ಲದಿರುವುದು ಹೀಗೆ.

ಯಾವ ಖರ್ಚುಗಳನ್ನು ಕಳೆಯಬಹುದು ಎಂಬ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ, ಪಟ್ಟಿಯಲ್ಲಿ ಇಲ್ಲದ್ದನ್ನು ಕಳೆಯುವಂತಿಲ್ಲ ಎಂದು ಬರೆಸಿ. ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರ, ವರ್ಷಕ್ಕೊಮ್ಮೆ ನಿಮ್ಮ ಆಡಿಟರ್‌ಗೆ ಲೆಕ್ಕದ ಪುಸ್ತಕ ನೋಡುವ ಹಕ್ಕು ಇರಲಿ. ಅಮೆರಿಕದಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡ ಕಟ್ಟಿದ ಲೂ ಪರ್ಲ್‌ಮನ್ ತನ್ನನ್ನೇ ಆರನೆಯ ಸದಸ್ಯನೆಂದು ಎಣಿಸಿಕೊಂಡು ಪಾಲು ತೆಗೆದುಕೊಳ್ಳುತ್ತಿದ್ದ. ಬೇರೊಂದು ದೊಡ್ಡ ವಂಚನೆಗಾಗಿ 2008ರಲ್ಲಿ ಅವನಿಗೆ 25 ವರ್ಷ ಜೈಲಾಯಿತು. ಹುಡುಗರು ಪುಸ್ತಕ ನೋಡಲು ಕೇಳುವಷ್ಟರಲ್ಲಿ ವರ್ಷಗಳು ಕಳೆದಿದ್ದವು.

ಈಗ ಮನೆಯವರ ಬಗ್ಗೆ ಕಹಿಯಾದರೂ ಹೇಳಬೇಕಾದ ಮಾತು. ಎಳೆಯ ಕಲಾವಿದರ ಹಣ ಕರಗುವುದು ಏಜೆನ್ಸಿಯಲ್ಲಿ ಮಾತ್ರವಲ್ಲ, ಮನೆಯಲ್ಲೂ ಕರಗುತ್ತದೆ. ಬಾಲನಟ ಜಾಕಿ ಕೂಗನ್ ಗಳಿಸಿದ್ದರಲ್ಲಿ ಬಹುಪಾಲನ್ನು ಹೆತ್ತವರೇ ಖರ್ಚು ಮಾಡಿದ ಮೇಲೆ ಕ್ಯಾಲಿಫೋರ್ನಿಯಾ 1939ರಲ್ಲಿ ಕಾನೂನು ತಂದಿತು. ಇಂದು ಅಲ್ಲಿ ಮಗುವಿನ ಒಟ್ಟು ಗಳಿಕೆಯ ಶೇ. 15 ಮುಟ್ಟಲಾಗದ ಟ್ರಸ್ಟ್ ಖಾತೆಗೆ ಹೋಗಬೇಕು. ನಮ್ಮ ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಸೇರಿದ ಭಾಗ ಬಾಲ ಕಲಾವಿದರ ಗಳಿಕೆಯ ಶೇ. 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಠೇವಣಿಯಾಗಿ ಇಡಬೇಕೆನ್ನುತ್ತದೆ. ಇವು ಕನಿಷ್ಠ ಮಿತಿಗಳು. ನಮ್ಮ ಸಲಹೆ ಶೇ. 60 ಮಗುವಿನ ಠೇವಣಿಗೆ, ಉಳಿದದ್ದು ತೆರಿಗೆ, ಓದು, ಚಿಕಿತ್ಸೆ, ಪ್ರಯಾಣಕ್ಕೆ. ಮನೆ ಸಾಲ ತೀರಿಸಲು, ತಂಗಿಯ ಮದುವೆಗೆ ಇದರಿಂದ ಒಂದು ರೂಪಾಯಿಯೂ ಬೇಡ. ಅಪ್ಪ ಕೆಲಸ ಬಿಟ್ಟು ಮ್ಯಾನೇಜರ್ ಆಗುವುದೂ ಬೇಡ. ಮನೆ ನಡೆಯುವುದೇ ತನ್ನಿಂದ ಎಂದು ಗೊತ್ತಾದ ಮಗು ಸಾಕು ಎನ್ನುವುದಿಲ್ಲ.

ಪ್ಯಾನ್ ಕಾರ್ಡ್ ಮಗುವಿನ ಹೆಸರಿನಲ್ಲೇ ಮಾಡಿಸಿ. ಸ್ವಂತ ಪ್ರತಿಭೆಯಿಂದ ಬಂದ ಗಳಿಕೆ ನಮ್ಮ ತೆರಿಗೆ ಕಾನೂನಿನಲ್ಲಿ ಹೆತ್ತವರ ಆದಾಯಕ್ಕೆ ಸೇರುವುದಿಲ್ಲ. ಆದರೆ ಆ ಹಣ ಠೇವಣಿಯಿಟ್ಟಾಗ ಬರುವ ಬಡ್ಡಿ ಸೇರುತ್ತದೆ. ಇದನ್ನು ಮರೆತು ನೋಟಿಸ್ ಪಡೆಯುವುದು ಬೇಡ.

ಗಂಟೆಗಳು, ಓದು

ಕೊರಿಯಾದ ಕಾನೂನಿನಲ್ಲಿ 15ರೊಳಗಿನವರ ಕೆಲಸ ವಾರಕ್ಕೆ 35 ಗಂಟೆ ಮೀರುವಂತಿಲ್ಲ. 15 ದಾಟಿದ ಅಪ್ರಾಪ್ತರಿಗೆ 40, ಒಪ್ಪಿಗೆ ಇದ್ದರೆ ಇನ್ನು 6 ಗಂಟೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕೆಲಸವಿಲ್ಲ. ಆದರೆ ಪೋಷಕರ ಒಪ್ಪಿಗೆಯಿಂದ ಇದು ಸಡಿಲವಾಗುತ್ತದೆ. ಸಹಿ ಮಾಡುವ ಕಾಗದಗಳ ನಡುವೆ ಆ ಒಪ್ಪಿಗೆ ಪತ್ರವೂ ಸೇರಿರಬಹುದು, ಕಣ್ಣಿಟ್ಟು ನೋಡಿ. ಒಮ್ಮೆಗೇ ಎಲ್ಲ ದಿನಗಳಿಗೆ ಒಪ್ಪಿಗೆ ಕೊಡಬೇಡಿ, ಪ್ರತಿ ಸಲ ಬೇರೆಯಾಗಿ ಕೇಳಲಿ. ‘ಅಭ್ಯಾಸವೂ ಕೆಲಸದ ಗಂಟೆಯೇ’ ಎಂದು ಕರಾರಿನಲ್ಲಿ ಬರೆಸುವುದು ಇನ್ನೂ ಮುಖ್ಯ. ಇಲ್ಲವಾದರೆ ಚಿತ್ರೀಕರಣ ಸಂಜೆಗೆ ಮುಗಿದರೂ ಡ್ಯಾನ್ಸ್ ಹಾಲ್‌ನಲ್ಲಿ ನಡುರಾತ್ರಿಯಾಗುತ್ತದೆ.

ಓದಿಗೆ ಇಂಗ್ಲೆಂಡಿನ ನಿಯಮ ಒಳ್ಳೆಯ ಅಳತೆ. ಶಾಲಾ ದಿನಕ್ಕೆ ಕನಿಷ್ಠ 3 ಗಂಟೆ ಪಾಠ, 12 ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿಯುತ ಹಿರಿಯರು. ಇದನ್ನೇ ಕೇಳಿ. ನಮ್ಮ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಹೊಂದುತ್ತದೆ. 14 ತುಂಬಿದರೆ ಹತ್ತನೆಯ ತರಗತಿಗೆ ನೋಂದಾಯಿಸಬಹುದು, ನೋಂದಣಿ 5 ವರ್ಷ ನಡೆಯುತ್ತದೆ, ಆದ್ದರಿಂದ ವರ್ಷಕ್ಕೆ ಒಂದೆರಡು ವಿಷಯ ಮುಗಿಸುತ್ತ ಹೋಗಬಹುದು. ಪರೀಕ್ಷೆಯ ವಾರಗಳನ್ನು ಏಜೆನ್ಸಿಗೆ ಆರು ತಿಂಗಳು ಮೊದಲೇ ಬರೆದು ತಿಳಿಸಿ.

ಬೆಳೆಯುವ ದೇಹ, ಒಡೆಯುವ ದನಿ

ಎಳೆಯ ಆಟಗಾರರನ್ನು ನೋಡುವ ವೈದ್ಯರ ಒಂದು ಸರಳ ಸೂತ್ರವಿದೆ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅಷ್ಟೇ ಗಂಟೆಯ ಕಠಿಣ ತರಬೇತಿ. 14ರ ಮಗುವಿಗೆ 14 ಗಂಟೆ. ಕಾನೂನು ಬಿಡುವ 35 ಗಂಟೆಗೂ ಇದಕ್ಕೂ ಇರುವ ಅಂತರದಲ್ಲೇ ಗಾಯಗಳು ಆಗುತ್ತವೆ. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಬಂದರೆ ನೆಗೆತ ಕಡಿಮೆ ಮಾಡಬೇಕು. ಮುಂಗಾಲಿನ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ, ವಿಶ್ರಾಂತಿಯಲ್ಲೂ ನೋಯುತ್ತಿದ್ದರೆ ಕುಣಿತ ನಿಲ್ಲಿಸಿ ಸ್ಕ್ಯಾನ್ ಮಾಡಿಸಬೇಕು. ಮೂಳೆಯ ಸಣ್ಣ ಬಿರುಕು ಆರಂಭದ ಎಕ್ಸ್‌ರೇಯಲ್ಲಿ ಕಾಣದಿರಬಹುದು. ನೋವಿನ ಮಾತ್ರೆ ಕೊಟ್ಟು ವೇದಿಕೆಗೆ ಕಳಿಸಿದರೆ ಆ ಬಿರುಕು ಪೂರ್ತಿ ಮುರಿತವಾಗಬಹುದು.

ತೂಕದ ವಿಷಯದಲ್ಲಿ ಬಗ್ಗಬೇಡಿ. ತೂಕ ನೋಡುವುದು ವೈದ್ಯರು ಮಾತ್ರ, ಉಳಿದ ಮಕ್ಕಳ ಮುಂದೆ ಹೇಳುವಂತಿಲ್ಲ, ತೂಕದ ಗುರಿ ಕರಾರಿನಲ್ಲಿ ಇರುವಂತಿಲ್ಲ. ಬೆಳೆಯುವ ವಯಸ್ಸಿನಲ್ಲಿ ದಿನವಿಡೀ ಕುಣಿದು ಅರೆಹೊಟ್ಟೆ ಉಂಡರೆ ಮೊದಲು ಹೋಗುವುದು ನಿದ್ದೆ ಮತ್ತು ಗಮನ, ಆಮೇಲೆ ಹುಡುಗಿಯರಿಗೆ ಮುಟ್ಟು, ಕೊನೆಗೆ ಮೂಳೆಯ ಗಟ್ಟಿತನ. ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ದಣಿವಿನ ಲೆಕ್ಕಕ್ಕೆ ಹಾಕದೆ ವೈದ್ಯರಿಗೆ ತೋರಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಹುಡುಗರ ದನಿ ಸಾಮಾನ್ಯವಾಗಿ 12ರಿಂದ 15ರ ನಡುವೆ ಒಡೆಯುತ್ತದೆ. ಆ ತಿಂಗಳುಗಳಲ್ಲಿ ಹಾಡಬಹುದು, ಆದರೆ ಶ್ರುತಿ ಇಳಿಸಬೇಕು, ಎತ್ತರದ ಸ್ವರವನ್ನು ಎದೆದನಿಯಲ್ಲಿ ತಳ್ಳಬಾರದು. ಹಳೆಯ ರೆಕಾರ್ಡಿಂಗ್‌ನ ಶ್ರುತಿಯಲ್ಲೇ ಹಾಡು ಎಂದು ಒತ್ತಾಯಿಸಿದರೆ ಸ್ವರತಂತುಗಳ ಮೇಲೆ ಗಂಟು ಬರಬಹುದು. ದನಿಯ ಗೊಗ್ಗರು ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರು ಕ್ಯಾಮೆರಾ ಇಳಿಸಿ ನೋಡಲೇಬೇಕು.

ಅಭಿಮಾನಿಗಳು, ಫೋನು

ಡೆಬ್ಯೂಗೆ ಮೊದಲು ಮಗುವಿನ ಹಳೆಯ ಖಾತೆಗಳನ್ನೆಲ್ಲ ಕೂತು ನೋಡಿ. ಶಾಲೆಯ ಹೆಸರು, ಯೂನಿಫಾರ್ಮ್, ಮನೆಯ ಮುಂಭಾಗ ಕಾಣುವ ಚಿತ್ರಗಳನ್ನು ತೆಗೆಯಿರಿ. ಶಾಲೆಯಲ್ಲಿ ಯಾರಿಗಾದರೂ ನೋವು ಕೊಟ್ಟಿದ್ದರೆ ಈಗಲೇ ಕ್ಷಮೆ ಕೇಳಿಸಿ, ಏಜೆನ್ಸಿಗೂ ನಿಜ ಹೇಳಿ. 2021ರಲ್ಲಿ ಕೊರಿಯಾದಲ್ಲಿ ಶಾಲಾದಿನಗಳ ಕಿರುಕುಳದ ಆರೋಪಗಳು ಸಾಲುಸಾಲಾಗಿ ಬಂದು ಹಲವರ ವೃತ್ತಿಯನ್ನೇ ಅಲ್ಲಾಡಿಸಿದವು.

ಬೆನ್ನುಹತ್ತುವ ಅಭಿಮಾನಿಗಳನ್ನು ಅಲ್ಲಿ ಸಾಸೆಂಗ್ ಎನ್ನುತ್ತಾರೆ. ಅವರು ವಿಮಾನದ ಸೀಟಿನ ವಿವರವನ್ನೂ ಹಣಕೊಟ್ಟು ಕೊಳ್ಳುತ್ತಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಪ್ರತ್ಯೇಕ ಸಿಮ್ ಇರಲಿ. ಯಾವ ಚಿತ್ರವನ್ನೂ ಆ ಜಾಗ ಬಿಟ್ಟ ಮೇಲೆಯೇ ಹಾಕಬೇಕು. ಮನೆಯವರೂ ಇದನ್ನು ಪಾಲಿಸಬೇಕು, ಊರಿನ ವಾಟ್ಸಾಪ್ ಗುಂಪಿಗೆ ‘ನಾಳೆ ಬರ್ತಾಳೆ’ ಎಂದು ಹಾಕಿದರೆ ಮುಗಿಯಿತು. ಹಿಂಬಾಲಿಕೆ ಕೊರಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಪ್ರತ್ಯೇಕ ಕಾಯ್ದೆಯಡಿ ಅಪರಾಧ. ದಿನಾಂಕ, ಸಮಯ, ಸ್ಕ್ರೀನ್‌ಶಾಟ್ ಜೋಡಿಸಿಟ್ಟುಕೊಂಡರೆ ದೂರು ನಿಲ್ಲುತ್ತದೆ.

ಡಾರ್ಮ್‌ನೊಳಗಿನ ಸುರಕ್ಷೆ

ಜಪಾನಿನ ಜಾನಿ ಅಂಡ್ ಅಸೋಸಿಯೇಟ್ಸ್‌ನ ಸ್ಥಾಪಕ ಜಾನಿ ಕಿಟಗಾವಾ ದಶಕಗಳ ಕಾಲ ಎಳೆಯ ಹುಡುಗರನ್ನು ಲೈಂಗಿಕವಾಗಿ ಶೋಷಿಸಿದ್ದನ್ನು ಸಂಸ್ಥೆ ಒಪ್ಪಿಕೊಂಡದ್ದು 2023ರಲ್ಲಿ, ಅವನು ಸತ್ತ ಮೇಲೆ. ಅವಕಾಶ ಹಂಚುವವನ ಮನೆಯಲ್ಲೇ ಮಕ್ಕಳು ರಾತ್ರಿ ತಂಗುತ್ತಿದ್ದರು. ಹಾಗಾಗಿ ಸಂಸ್ಥೆಯ ಯಾರ ಖಾಸಗಿ ಮನೆಯಲ್ಲೂ ತಂಗುವಂತಿಲ್ಲ, ಒಬ್ಬರೇ ದೊಡ್ಡವರ ಜೊತೆ ಮುಚ್ಚಿದ ಕೋಣೆಯಲ್ಲಿ ಪಾಠವಿಲ್ಲ, ಫೋನ್ ಕಿತ್ತುಕೊಂಡರೂ ದಿನಕ್ಕೊಮ್ಮೆ ಮನೆಗೆ ಕರೆ ಇರಲೇಬೇಕು. ಆ ಕರೆ ಕನ್ನಡದಲ್ಲಿರಲಿ, ಪಕ್ಕದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ‘ಅಜ್ಜಿಯ ಕನ್ನಡಕ ಸಿಕ್ಕಿತಾ’ ಎಂಬಂಥ ಒಂದು ಸಾಮಾನ್ಯ ವಾಕ್ಯವನ್ನು ಸಂಕೇತವಾಗಿ ಗೊತ್ತು ಮಾಡಿಕೊಳ್ಳಿ. ಅದನ್ನು ಕೇಳಿದ ದಿನವೇ ಟಿಕೆಟ್ ತೆಗೆಯಿರಿ, ಕಾರಣ ಆಮೇಲೆ ಕೇಳಿ. ಪೊಲೀಸ್ 112, ಹದಿಹರೆಯದವರ ಸಹಾಯವಾಣಿ 1388, ಸೋಲ್‌ನ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ ಇವು ಮೂರೂ ಮಗುವಿಗೆ ಬಾಯಿಪಾಠ ಆಗಿರಬೇಕು. ಪಾಸ್‌ಪೋರ್ಟ್ ಮಗುವಿನ ಕೈಯಲ್ಲೇ ಇರಬೇಕು.

ಹೊರಬರುವಾಗ

ತಂಡದ ಹೆಸರು ಸಾಮಾನ್ಯವಾಗಿ ಏಜೆನ್ಸಿಯ ಟ್ರೇಡ್‌ಮಾರ್ಕ್. ಬೀಸ್ಟ್ ತಂಡದವರು 2016ರಲ್ಲಿ ಸಂಸ್ಥೆ ಬಿಟ್ಟಾಗ ಹೆಸರು ಅಲ್ಲೇ ಉಳಿಯಿತು, 2017ರಲ್ಲಿ ಅವರು ಹೈಲೈಟ್ ಎಂಬ ಹೊಸ ಹೆಸರಿನಲ್ಲಿ ಶುರುಮಾಡಬೇಕಾಯಿತು. 2021ರಲ್ಲಿ ಸಂಸ್ಥೆ ಬಿಟ್ಟ ಗಾಟ್‌ಸೆವೆನ್‌ಗೆ ಹೆಸರು ಜೊತೆಗೇ ಸಿಕ್ಕಿತು. ತಂಡದ ಹೆಸರು ಸಿಗದಿದ್ದರೂ ಮಗುವಿನ ವೈಯಕ್ತಿಕ ವೇದಿಕೆಯ ಹೆಸರು ಮತ್ತು ಸಾಮಾಜಿಕ ಜಾಲತಾಣದ ಖಾತೆ ಕರಾರು ಮುಗಿದ ದಿನ ಮಗುವಿಗೇ ಎಂದು ಮೊದಲೇ ಬರೆಸಬಹುದು.

ಬಿಡುವ ದಿನ ಕೇಳಿ ಪಡೆಯಬೇಕಾದದ್ದು: ಅಂತಿಮ ಲೆಕ್ಕಪತ್ರ, ಕೊರಿಯಾದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ, ವೈದ್ಯಕೀಯ ದಾಖಲೆ, ಸ್ಕ್ಯಾನ್‌ಗಳು, ಇನ್ನೇನೂ ಬಾಕಿ ಇಲ್ಲ ಎಂಬ ಸಹಿ ಹಾಕಿದ ಪತ್ರ. ಮಗು ಹಾಡಿಗೆ ಸಾಹಿತ್ಯ ಬರೆದಿದ್ದರೆ, ರಾಗ ಹಾಕಿದ್ದರೆ ಕೊರಿಯಾದ ಹಕ್ಕುಸ್ವಾಮ್ಯ ಸಂಘ ಕೊಮ್ಕಾದ ಸದಸ್ಯತ್ವ ಮಗುವಿನ ಹೆಸರಿನಲ್ಲೇ ಇದೆಯೇ ನೋಡಿ. ಆ ರಾಯಧನ ಏಜೆನ್ಸಿಯ ಲೆಕ್ಕಕ್ಕೆ ಸೇರದೆ ನೇರವಾಗಿ ಬರೆದವರ ಖಾತೆಗೆ ಬರುತ್ತದೆ, ತಂಡ ಬಿಟ್ಟ ಮೇಲೂ ಬರುತ್ತಿರುತ್ತದೆ. ಬ್ಯಾಂಕ್ ಖಾತೆ ಬದಲಾದರೆ ಕೊಮ್ಕಾಗೆ ತಿಳಿಸಿ.