ಕೊಳಗದಲ್ಲಿ ಅಳೆಯಲು ಬರುವ ಬೇಡಿಕೆ

ಧರಣಿಗೆ ಮುಂಚೆ ಜನ ಬರೆದು ತರುವ ಮನವಿ ತಿದ್ದಲು ಕೂತರೆ ನಾನು ಮೊದಲು ಹೊಡೆದು ಹಾಕುವುದು 'ನ್ಯಾಯ ಒದಗಿಸಿಕೊಡಬೇಕು' ಎಂಬ ಸಾಲನ್ನು. ಅದಕ್ಕೆ ಯಾವ ಅಧಿಕಾರಿಯೂ 'ಇಲ್ಲ' ಅನ್ನುವುದಿಲ್ಲ. 'ಪರಿಶೀಲಿಸುತ್ತೇನೆ' ಅಂದರೆ ಆಯಿತು, ಜನ ಬಸ್ ಹತ್ತುತ್ತಾರೆ. ಆಗಲ್ಲ ಎಂದು ಹೇಳಲು ಬರುವಂಥದ್ದು ಮಾತ್ರ ಬೇಡಿಕೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಮೇಲೆ. ಭೂಮಾಲೀಕರು ಗೇಣಿ ಭತ್ತ ಅಳೆದುಕೊಳ್ಳುವ ಪಾತ್ರೆ, ಆ ಕೊಳಗ, ದೊಡ್ಡದಾಗಿತ್ತು. ಎಷ್ಟು ಸೇರು ಹಿಡಿಯುತ್ತದೆ ಎಂದು ಯಾರು ಬೇಕಾದರೂ ಅಳೆದು ನೋಡಬಹುದಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಚಳವಳಿ ದೇಶಕ್ಕೆ ಗೊತ್ತಾದದ್ದು ಆಮೇಲೆ. 'ಉಳುವವನೇ ಹೊಲದೊಡೆಯ' ಎಂಬ ದೊಡ್ಡ ಮಾತಿಗೆ ಹಿಡಿಕೆ ಒದಗಿಸಿದ್ದು ಆ ಸಣ್ಣ ಪಾತ್ರೆ.

ಈಗಿನ ಉದಾಹರಣೆ ಅರಣ್ಯ ಹಕ್ಕಿನ ಅರ್ಜಿಗಳದ್ದು, ಅಂದರೆ ಕಾಡಿನ ಜಾಗದಲ್ಲಿ ಉಳುಮೆ, ವಾಸ ಮಾಡಿಕೊಂಡಿರುವವರು ಅರಣ್ಯ ಹಕ್ಕು ಕಾಯ್ದೆಯಡಿ ಹಾಕುವ ಅರ್ಜಿಗಳದ್ದು. 'ಹಕ್ಕುಪತ್ರ ಕೊಡಿ' ಅನ್ನುವುದು ಘೋಷಣೆಗೆ ಸರಿ. ಮನವಿಯಲ್ಲಿ ನಾನು ಬರೆಸುವುದು ಹೀಗೆ: ತಿರಸ್ಕೃತ ಅರ್ಜಿದಾರರಿಗೆ ಕಾರಣ ಸಮೇತ ಲಿಖಿತ ತಿಳಿವಳಿಕೆ ಇಂಥ ತಾರೀಕಿನೊಳಗೆ ಕೊಡಬೇಕು. ಮೇಲ್ಮನವಿಗೆ ಇರುವುದು 60 ದಿನ. ಆ ಕಾಗದವೇ ಕೈಗೆ ಬಾರದಿದ್ದರೆ ದಿನ ಎಣಿಸುವುದು ಎಲ್ಲಿಂದ? ವಿಳಾಸವೂ ಮುಖ್ಯ. ಈ ಅರ್ಜಿಗಳನ್ನು ನೋಡುವ ಉಪವಿಭಾಗ ಮಟ್ಟದ ಸಮಿತಿಗೆ ಅಧ್ಯಕ್ಷರು ಉಪವಿಭಾಗಾಧಿಕಾರಿ. ಅವರ ಕಚೇರಿ ಹೊಸನಗರ, ಸೊರಬದವರಿಗೆ ಸಾಗರದಲ್ಲಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ತಹಶೀಲ್ದಾರರಿಗೆ ಕೊಟ್ಟರೆ 'ಮೇಲಿನವರಿಗೆ ಕಳುಹಿಸಿದೆ' ಎಂಬ ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಅದು ಅವರ ತಪ್ಪೂ ಅಲ್ಲ.

ನಿಜವಾದ ಕೆಲಸ ಇರುವುದು ಗ್ರಾಮಸಭೆಯಲ್ಲಿ. ಈ ಕಾಯ್ದೆಯ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಗುಡ್ಡಕ್ಕೊಂದು ಮನೆ ಇರುವ ನಮ್ಮ ಕಡೆ ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಕೋರಂ ಆಗುವುದಿಲ್ಲ. ಕೊಟ್ಟಿಗೆ ಕೆಲಸ, ಅಡುಗೆ ಮುಗಿಸಿ ಹೆಂಗಸರು ಹೊರಡಲು ಮಧ್ಯಾಹ್ನ ಎರಡೂವರೆ ಆಗುತ್ತದೆ. ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸಾಗಬೇಕು. ಸಿಗುವುದು ಎರಡು ಗಂಟೆ. ನಾಟಿ ದಿನಗಳಲ್ಲಿ ಕರೆಯಲೇಬೇಡಿ, ಅಡಿಕೆ ಕೊನೆ ಕೊಯ್ಲಿನಲ್ಲೂ ಅಷ್ಟೇ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಯಾವ ಕ್ರಾಂತಿಗೂ ಜನ ಬರುವುದಿಲ್ಲ.

ಹೆಚ್ಚು ಸಲ ಕೆಡುವುದು ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕದಲ್ಲಿ. ಖಾಲಿ ಹಾಳೆಗೆ ಎಲ್ಲರ ಸಹಿ ಹಾಕಿಸಿಕೊಂಡು 'ಠರಾವು ಆಮೇಲೆ ಬರೆಯೋಣ' ಅನ್ನುತ್ತಾರೆ. ಆಮೇಲೆ ಬರೆದದ್ದು ಯಾರ ತೀರ್ಮಾನ? ಬರೆದವನದ್ದು. ಪೆನ್ನು ಯಾರ ಕೈಯಲ್ಲಿದೆಯೋ ಅಧಿಕಾರ ಅಲ್ಲಿಗೆ ಸದ್ದಿಲ್ಲದೆ ಜಾರುವುದು ಹೀಗೇ, ಊರಿನ ಸಂಘದಲ್ಲೂ. ಅದಕ್ಕೆ ಠರಾವನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಎರಡು ಸಲ ಓದಿಸುತ್ತೇನೆ. ಎರಡನೇ ಸಲ ಓದುವಾಗಲೇ ತಕರಾರು ಬರುವುದು. ವಿರೋಧಿಸಿದವರ ಮಾತನ್ನೂ ಬರೆಯಬೇಕು; ಸರ್ವಾನುಮತ ಎಂದು ಸುಳ್ಳು ಬರೆದರೆ ಅವರೇ ನಾಳೆ ಎದುರು ಅರ್ಜಿ ಕೊಡುತ್ತಾರೆ. ಕೊನೆಯ ಸಾಲಿನ ಕೆಳಗೆ ಗೀಟು, ಗೀಟಿಗೆ ತಾಗಿದಂತೆ ಮೊದಲ ಸಹಿ. ಹೆಬ್ಬೆಟ್ಟಿನ ಪಕ್ಕ ಹೆಸರು, ಓದಿ ಹೇಳಿದವರ ಸಹಿ.

ಧರಣಿಯ ದಿನ ಹೆಚ್ಚೇನಿಲ್ಲ. ಮೈಕು, ಮೆರವಣಿಗೆಗೆ ಪೊಲೀಸ್ ಠಾಣೆಯಲ್ಲಿ ಮೊದಲೇ ಲಿಖಿತ ಅನುಮತಿ. ಮನವಿಯನ್ನು ಭಾಷಣಕ್ಕಿಂತ ಮುಂಚೆ ಓದಿಬಿಡಿ. ಮುಖಂಡರು ಬಂದು ಮೈಕು ಹಿಡಿದ ಮೇಲೆ ಬೇಡಿಕೆ ಯಾರದ್ದೋ ಆಗುತ್ತದೆ. ಅಧಿಕಾರಿ ಹೊರಗೆ ಬಂದು ಮನವಿ ತಗೊಂಡು ಫೋಟೋ ಆದರೆ ಸಾಲದು. ಇನ್ನೊಂದು ಪ್ರತಿ ಕಚೇರಿಯ ಒಳಗೆ ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಚಾಪೆ ಮಡಚಬೇಕು.

ಗಡುವು ಮುಗಿದ ಮಾರನೇ ದಿನ ಆ ಸಂಖ್ಯೆ ಹಿಡಿದು ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 'ಏನು ಕ್ರಮ ಕೈಗೊಂಡಿರಿ' ಎಂದು ಕೇಳಬೇಡಿ. ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಿ. ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಅದರಲ್ಲಿರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ನಡಾವಳಿ ಪುಸ್ತಕ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳೆ ಅಂಟಿಕೊಳ್ಳುತ್ತದೆ, ನೀಲಿ ಶಾಯಿ ಹರಡುತ್ತದೆ. ಬಾಲ್ ಪೆನ್ನಲ್ಲೇ ಬರೆಯಿರಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒಲೆ ಉರಿಯುವ ಮನೆಯ ಅಟ್ಟದ ಮೇಲಿಡಿ. ಪ್ರತಿ ಹಾಳೆಯ ಫೋಟೋ ಮೂರು ಬೇರೆ ಬೇರೆ ಮನೆಯವರ ಫೋನಿನಲ್ಲಿರಲಿ, ಅದರಲ್ಲೊಂದು ಠರಾವಿಗೆ ತಕರಾರು ಎತ್ತಿದ ಮನೆಯದ್ದಾಗಿರಲಿ.