ಹೊಸ ಪದ್ಧತಿ ತರುವಾಗ ಒಂದೆರಡು ಸಾಲು ಹಾಗೇ ಬಿಡಿ
ಗೊಬ್ಬರ ಅಥವಾ ನೀರು ಕಡಿಮೆ ಮಾಡುವ ಹೊಸ ಪದ್ಧತಿ ತರುವಾಗ, ಹೊಲದ ನಡುವೆ ಒಂದೆರಡು ಸಾಲನ್ನು ಹಳೆಯ ರೀತಿಯಲ್ಲೇ ಬಿಡಿ. ಅಂಚಿನ ಸಾಲು ಬೇಡ. ಎರಡನ್ನೂ ಹೋಲಿಸುವ ಕೆಲಸವನ್ನು ಮೇಲ್ವಿಚಾರಕರಿಗಲ್ಲ, ದಿನವೂ ಅಲ್ಲಿ ದುಡಿಯುವವರಿಗೇ ಕೊಡಿ. ಎಲೆ ಹಳದಿಯಾಗುವುದು, ಡ್ರಿಪ್ ಕಟ್ಟಿಕೊಳ್ಳುವುದು ಮೊದಲು ಕಾಣುವುದು ಅವರಿಗೇ ಅಲ್ವಾ? ಬರೆಯಲು ಕಷ್ಟವಾದರೆ ಮೊಬೈಲಿನಲ್ಲಿ ಫೋಟೋ, ವಾಯ್ಸ್ ಮೆಸೇಜ್ ಸಾಕು. ಎರಡೂ ಕಡೆ ಅದೇ ಮಳೆ, ಅದೇ ಬಿಸಿಲು. ಹಾಗಾಗಿ ಇಳುವರಿ ಕುಸಿದರೆ ತಪ್ಪು ಹವಾಮಾನದ್ದೋ ಪದ್ಧತಿಯದ್ದೋ ಎಂದು ಅವರೇ ನೋಡಿ ಹೇಳಬಹುದು. ತರಬೇತಿಯ ಭಾಷಣಕ್ಕಿಂತ ಇದು ಜಾಸ್ತಿ ನಾಟುತ್ತದೆ. ಮಣ್ಣು ಒಂದೇ ಥರ ಇಲ್ಲದಿದ್ದರೆ ಮೂರ್ನಾಲ್ಕು ಕಡೆ ಸಾಲು ಬಿಡಿ. ಹಾರುವ ಕೀಟಗಳ ವಿಷಯದಲ್ಲಿ ಇದು ನಡೆಯುವುದಿಲ್ಲ, ಅವು ಸಾಲು ದಾಟುತ್ತವೆ. ಕೆಟ್ಟ ಸುದ್ದಿ ತಂದವರಿಗೆ ಬೈಗುಳ ಸಿಗುವ ಕಡೆಯಂತೂ ಸುಮ್ನೆ ದಂಡ.